ಪಾಲಿನ ಬೆಕ್ಕು

ದಬ್ಬಣದ ದಾರ ಮುಗಿಯಿತು. ಜೈನಾಬೀ ಗಂಟು ಬಿಗಿದು, ಉಳಿದ ಗೇಣುದ್ದದ ತುಂಡನ್ನು ಕತ್ತರಿಸಿ, ಬಗಲಲ್ಲಿದ್ದ ಬಿಸ್ಕಿಟ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಹೊಸ ದಾರ ಪೋಣಿಸಿ ಗಾದಿಗೆ ಮತ್ತೆ ನಾಲ್ಕು ಹೊಲಿಗೆ ಹಾಕಿದಳು. ಮತ್ತೆ ಕತ್ತರಿ, ಮತ್ತೆ ಡಬ್ಬಿ, ಮತ್ತೆ ಮುಚ್ಚಳ.

ಬೇವಿನ ನೆರಳಿಗೆ ಹಾಸಿದ್ದ ಆ ಗಾದಿಯ ಇನ್ನೊಂದು ತುದಿಗೆ ಅರಳಿ ಮಲಗಿತ್ತು. ಅರಳಿ ಎಂದರೆ ಹತ್ತಿ. ಹತ್ತಿಯಷ್ಟೇ ಬೆಳ್ಳಗೆ ಹುಟ್ಟಿದ ಬೆಕ್ಕಿಗೆ ಪಿಂಜಾರರ ಮನೆಯಲ್ಲಿ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ಅದರ ಹೊಟ್ಟೆಗೆ ಹತ್ತಿಕೊಂಡು ಎರಡು ತಿಂಗಳ ಹೆಣ್ಣು ಮರಿಯೊಂದು ಮಲಗಿತ್ತು.

"ಯವ್ವಾ, ಗಾದಿ ಹೊಲ್ಯಾಕತ್ತೀಯೋ, ಡಬ್ಬಿ ಮುಚ್ಚಾಕತ್ತೀಯೋ?" ಮಗ ಅಕ್ಬರ ಅಂಗಡಿಯ ಹಿಂಬಾಗಿಲಿನಿಂದ ಕೂಗಿದ. ಅರಳಿ ಹಿಂಜುವ ಮಷೀನಿನ ಧೂಳು ಅವನ ಹುಬ್ಬಿನ ಮೇಲೆಲ್ಲ ಕೂತಿತ್ತು. "ಸಂಜಿಗೆ ಗಿರಾಕಿ ಬರ್ತಾರ."

"ಬರ್ಲಿ. ಗಾದಿ ಹರಿದ್ರ ಇನ್ನೊಮ್ಮೆ ಹೊಲೀಬಹುದು. ಇದರ ಹೊಟ್ಟಿ ಎಷ್ಟು ಸಲ ಹೊಲಿಸ್ತೀ?"

ಅಕ್ಬರ ಕೆಮ್ಮುತ್ತ, ನಗುತ್ತ ಒಳಗೆ ಹೋದ.

ಎರಡು ವರ್ಷದ ಹಿಂದೆ ಅರಳಿ ಇದೇ ಅಂಗಳದಲ್ಲಿ ಮೊಳದುದ್ದದ ದಾರ ನುಂಗಿತ್ತು. ಆಗ ದಾರವನ್ನು ಹಲ್ಲಿನಿಂದ ಕಡಿದು ಅಲ್ಲೇ ಬಿಸಾಡುವ ಚಾಳಿ ಜೈನಾಬಿಯದು. ಮೂರು ದಿನ ಬೆಕ್ಕು ಹಾಲು ಮೂಸಲಿಲ್ಲ, ಹಳದಿ ನೀರು ಕಾರಿತು. ಕುಷ್ಟಗಿಯ ದನದ ದವಾಖಾನೆಯ ಡಾಕ್ಟರು ಹೊಟ್ಟೆ ಅಮುಕಿ ನೋಡಿ, "ಇದನ್ನ ಕೊಯ್ದು ತೆಗೀಬೇಕು, ದೊಡ್ಡ ಊರಿಗೆ ಒಯ್ಯಿರಿ" ಎಂದರು. ಒಯ್ದವಳು ಮೊಮ್ಮಗಳು ನಾಹೀದಾ. ತಹಶೀಲ್ದಾರ್ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಮಂದಿಯ ಅರ್ಜಿ ತುಂಬಿ ಕೊಡುವ ಕೆಲಸ ಅವಳದು. ಸ್ಕೂಟಿ ಕೊಳ್ಳಲೆಂದು ಕೂಡಿಟ್ಟ ದುಡ್ಡು ಬೆಕ್ಕಿನ ಹೊಟ್ಟೆಗೆ ಹೋಯಿತು. ಆಕೆ ಇವತ್ತಿಗೂ ನಡೆದೇ ಕೆಲಸಕ್ಕೆ ಹೋಗುತ್ತಾಳೆ. ಒಮ್ಮೆಯೂ ಅದನ್ನು ಆಡಿ ತೋರಿಸಿದವಳಲ್ಲ. ಅದಕ್ಕೇ ಜೈನಾಬಿಗೆ ಡಬ್ಬಿಯ ಮುಚ್ಚಳ ಒತ್ತುವಾಗ ಕೈ ಸ್ವಲ್ಪ ಜೋರಾಗುತ್ತಿತ್ತು.

ಅವತ್ತು ಸಂಜೆ ರೊಟ್ಟಿಗೆ ಕೂತಾಗ ನಾಹೀದಾ ಫೋನನ್ನು ತಾಟಿನ ಬಗಲಿಗೆ ಇಟ್ಟು ಅಪ್ಪನ ಕಡೆ ನೋಡಿದಳು.

"ಅಬ್ಬಾ, ಬೆಕ್ಕಿಗೂ ವಿಮೆ ಐತಂತ. ಮೂರು ಥರ ಅದಾವ."

ಅಕ್ಬರನ ಕೈಯ ತುತ್ತು ಅಲ್ಲೇ ನಿಂತಿತು. "ಈ ಮನ್ಯಾಗ ಮನಿಷ್ಯಾರಿಗೆ ವಿಮೆ ಇಲ್ಲ. ಬೆಕ್ಕಿಗೆ?"

"ಮನಿಷ್ಯಾರಿಗೆ ಯಾಕ ಇಲ್ಲ ಅಂತ ಮನಿಷ್ಯಾರನ್ನ ಕೇಳ್ರಿ," ಎಂದಳು ಅವನ ಹೆಂಡತಿ ಶಬೀನಾ, ಒಲೆಯ ಮುಂದಿನಿಂದ ತಿರುಗದೆ. "ಮುಂಜಾನೆದ್ದು ಅರ್ಧ ತಾಸು ಕೆಮ್ಮತಾರ. ದವಾಖಾನಿಗೆ ನಡೀರಿ ಅಂದ್ರ ಧೂಳು ಪಿಂಜಾರರ ಅತ್ತರು ಅಂತಾರ."

"ನಮ್ಮಪ್ಪ ಬಿಲ್ಲು ಮಿಡಿದು ಅರಳಿ ಹಿಂಜಿದಾಂವ. ಅವನಿಗೆ ಯಾವ ವಿಮೆ ಇತ್ತು?"

"ಅದಕ್ಕ ಅರವತ್ತರಾಗ ಹೋದ್ರು," ಎಂದಳು ಶಬೀನಾ.

ಹೇಳಿದ ಮೇಲೆ ಅತ್ತೆ ಅಲ್ಲೇ ಕೂತದ್ದು ನೆನಪಾಗಿ ಅವಳು ಪುಂಡಿಪಲ್ಯದ ಗಡಿಗೆಯನ್ನು ಸುಮ್ಮಸುಮ್ಮನೆ ತಿರುವಿದಳು. ಜೈನಾಬೀ ಇನ್ನೊಂದು ತುತ್ತು ಮುರಿದಳು. ಸೊಸೆ ಸುಳ್ಳು ಹೇಳಿರಲಿಲ್ಲ.

"ಮೂರು ಥರ ಯಾವು, ಹೇಳವ್ವಾ," ಎಂದಳು ಮೊಮ್ಮಗಳಿಗೆ.

ನಾಹೀದಾ ಓದಿದಳು. ಮೊದಲನೆಯದು ಬರೀ ಆಪರೇಶನ್ನಿಗೆ. ಎರಡನೆಯದರಲ್ಲಿ ಆಪರೇಶನ್ನು, ಜಡ್ಡು ಜಾಪತ್ರೆ, ದವಾಖಾನೆಯಲ್ಲಿ ಇಟ್ಟುಕೊಂಡರೆ ಅದರ ಖರ್ಚು. ಮೂರನೆಯದರಲ್ಲಿ ಇವೆಲ್ಲ ಇದ್ದು, ಬೆಕ್ಕು ಕಳೆದರೆ, ಕಳವಾದರೆ, ಇನ್ನೊಬ್ಬರನ್ನು ಪರಚಿದರೆ ಅದಕ್ಕೂ ಇದೆ. ಯಾವುದನ್ನು ಮಾಡಿಸಿದರೂ ಮೊದಲ ಒಂದು ತಿಂಗಳು ಜಡ್ಡಿಗೆ ಏನೂ ಸಿಗುವುದಿಲ್ಲ. ದವಾಖಾನೆಯ ಬಿಲ್ಲಿನಲ್ಲಿ ಒಂದು ಪಾಲು ನಾವೇ ಕೊಡಬೇಕು.

"ವರ್ಷಕ್ಕ ಎಷ್ಟು?" ಎಂದ ಅಕ್ಬರ.

ನಾಹೀದಾ ಅಪ್ಪನ ಮಗಳು. ರೂಪಾಯಿ ಹೇಳಲಿಲ್ಲ. "ಮೊದಲನೇದು ಒಂದು ಜೋಡಿ ತಲದಿಂಬು. ಎರಡನೇದು ಒಂದು ಸಣ್ಣ ಗಾದಿ. ಮೂರನೇದು ಡಬ್ಬಲ್ ಗಾದಿ, ಮ್ಯಾಲೆ ಎರಡು ದಿಂಬು."

ಅಕ್ಬರನಿಗೆ ನಗು ತಡೆಯಲಾಗಲಿಲ್ಲ. ಆವತ್ತಿನಿಂದ ಮನೆಯಲ್ಲಿ ಆ ಮೂರಕ್ಕೂ ಅದೇ ಹೆಸರು ನಿಂತಿತು: ದಿಂಬಿನ ವಿಮೆ, ಸಣ್ಣ ಗಾದಿ ವಿಮೆ, ದೊಡ್ಡ ಗಾದಿ ವಿಮೆ.

"ದೊಡ್ಡ ಗಾದಿ ಬ್ಯಾಡ," ಎಂದಳು ಜೈನಾಬೀ. "ಬೆಕ್ಕು ಎಂದರ ಕಳೀತೈತೇನು? ಅದು ಹಳೇ ಮನಿಗೆ ಹೋಗಿರ್ತೈತಿ. ಹೋಗಿ ಕರಕೊಂಡು ಬರೂದು."

"ದಿಂಬಿಂದು ಸಾಕು," ಎಂದ ಅಕ್ಬರ.

"ದಿಂಬಿಂದ್ರಾಗ ಜಡ್ಡಿಗೆ ಇಲ್ಲ ಅಬ್ಬಾ. ಬರೀ ತೆಲಿ ಇಟ್ಟು ಮೈ ನೆಲದ ಮ್ಯಾಲೆ ಮಲಗಿಸಿದಂಗ."

"ನೀ ಕಂಪನಿಯಾಕಿನೋ ನನ್ನ ಮಗಳೋ?"

"ಇನ್ನೊಂದು ಐತಿ," ಎಂದಳು ನಾಹೀದಾ, ದನಿ ಇಳಿಸಿ. "ಬೆಕ್ಕಿಗೆ ಏಳು ವರ್ಷ ತುಂಬೂದ್ರೊಳಗ ಮಾಡಸ್ಬೇಕು. ತುಂಬಿದ ಮ್ಯಾಲೆ ಯಾವ ಗಾದೀನೂ ಇಲ್ಲ. ದಾದಿ, ಈಕಿಗೆ ಎಷ್ಟು?" ಎಂದು ಅಜ್ಜಿಯ ಕಡೆ ತಿರುಗಿದಳು.

ಜೈನಾಬಿಗೆ ಲೆಕ್ಕ ಬಾಯಿಯಲ್ಲೇ ಇತ್ತು. ಮೊಹರಮ್ಮಿನ ಚಂದ್ರ ಕಾಣುವ ಹಿಂದಿನ ದಿನ ಅಂಗಡಿಯ ಅರಳಿ ಮೂಟೆಯೊಳಗೆ ಹುಟ್ಟಿದ ಮರಿ ಅದು. "ಈ ಮೊಹರಂ ಬಂದ್ರ ಏಳು."

ಮೊಹರಮ್ಮಿಗೆ ಉಳಿದದ್ದು ಹದಿನೆಂಟು ದಿನ.

ಸಣ್ಣ ಗಾದಿಗೆ ಒಪ್ಪಿದರೂ ಫೋನಿನಲ್ಲಿ ದುಡ್ಡು ಕಟ್ಟುವುದಕ್ಕೆ ಅಕ್ಬರ ಒಪ್ಪಲಿಲ್ಲ. ಮುಖ ನೋಡದವನಿಗೆ ದುಡ್ಡು ಕೊಡಬಾರದೆಂಬುದು ಅವನ ಕಾನೂನು. ಗುರುತಿನ ಏಜೆಂಟನನ್ನು ಕರೆಸಿದ. ಬಂದವನ ಹೆಸರು ಕಳಕೇಶ, ನಲವತ್ತರ ಆಳು, ತೊಡೆಯ ಮೇಲೆ ಚೀಲ ಇಟ್ಟುಕೊಂಡೇ ಚಹಾ ಕುಡಿಯುವವನು.

"ಯಲಬುರ್ಗಾ ಕಡೆ ಮಂಗಳೂರಿನಾಂವ," ಎಂದು ಅಕ್ಬರ ತಾಯಿಗೆ ಹೇಳಿದ. "ಸಮುದ್ರದ ಮಂಗಳೂರಲ್ಲ, ನಮ್ಮ ಮಂಗಳೂರು."

ಜೈನಾಬಿಯ ಕೈಯ ಚಹಾದ ಬಸಿ ಅರ್ಧಕ್ಕೇ ನಿಂತಿತು. ಏನೋ ಕೇಳಬೇಕೆಂದುಕೊಂಡಳು. ಕೇಳಲಿಲ್ಲ.

"ಆಕಳ ಮಾಡೇನಿ, ಎಮ್ಮಿ ಮಾಡೇನಿ, ಕುರಿ ಮಾಡೇನಿ," ಎಂದ ಕಳಕೇಶ. "ಬೆಕ್ಕು ಇವತ್ತ ಮೊದಲ. ಕಿವಿಗೆ ಬಿಲ್ಲಿ ಹೊಡೀಬೇಕಾಕೈತ್ರಿ."

"ಏನದು ಬಿಲ್ಲಿ?"

"ನಂಬರಿನ ಬಿಲ್ಲಿ. ಆಕಳಿಗೆ ಹೊಡೀತೇವಲ್ರಿ, ಹಳದೀದು. ನಾಳೆ ಏನರ ಹೆಚ್ಚುಕಡಿಮಿ ಆಗಿ ಸತ್ರ, ಆ ಬಿಲ್ಲಿ ಸಮೇತ ಕಿವಿ ತೋರಿಸಬೇಕು."

ಜೈನಾಬೀ ಅರಳಿಯ ಕಿವಿ ನೋಡಿದಳು. ಬೇವಿನ ಎಲೆಯಷ್ಟು ತೆಳ್ಳಗೆ, ಒಳಗಿನ ನರ ಕಾಣುವ ಕಿವಿ. "ತಮ್ಮಾ, ಮೊದ್ಲ ನಿನ್ನ ಕಿವಿಗೆ ಹೊಡಕೊಂಡು ಬಾ. ಆಮ್ಯಾಲೆ ನೋಡೂಣು."

ಕಳಕೇಶ ಅಂಗಳಕ್ಕೆ ಹೋಗಿ ಮೇಲಿನವರಿಗೆ ಫೋನು ಹಚ್ಚಿ, ನಾಚಿಕೊಂಡು ಬಂದ. "ಬೆಕ್ಕಿಗೆ ಬಿಲ್ಲಿ ಬ್ಯಾಡಂತ್ರಿ. ಫೋಟೋ ಸಾಕಂತ. ಮುಂದಿಂದು, ಬಗಲಿಂದು. ಡಾಕ್ಟರ ಚೀಟಿ."

ನಾಹೀದಾ ಅರ್ಜಿ ಹಿಡಿದು ಕೂತಳು. ಹೆಸರು ಅರಳಿ. ಬಣ್ಣ ಬಿಳಿ. ಹೆಣ್ಣು. ಹಿಂದೆ ಆದ ಜಡ್ಡುಗಳು?

"ಏನೂ ಇಲ್ಲ ಅಂತ ಬರಿ," ಎಂದ ಅಕ್ಬರ.

"ದಾರ ನುಂಗಿದ್ದು?"

"ಅದು ಜಡ್ಡಲ್ಲ, ಹುಡುಗಾಟ. ಬರದ್ರ ಅದೊಂದಕ್ಕ ರೊಕ್ಕ ಕೊಡಂಗಿಲ್ಲ ಅಂತಾರ. ಹೌದಲ್ಲೋ ಕಳಕೇಶಾ?"

ಕಳಕೇಶ ಚಹಾ ಕುಡಿದ.

"ಹೊಟ್ಟಿ ಮ್ಯಾಲಿನ ಹೊಲಿಗಿ ಎಲ್ಲಿ ಮುಚ್ಚಿಡ್ತೀ?" ಎಂದಳು ಜೈನಾಬೀ. "ನಾವು ಗಾದಿ ಹೊಲಿಯಾವ್ರು. ಹೊಲಿಗಿ ಸುಳ್ಳು ಹೇಳಂಗಿಲ್ಲ. ಬರಿಯವ್ವಾ ಇದ್ದದ್ದು."

ನಾಹೀದಾ ಬರೆದಳು. ಮುಂದಿನ ಸಾಲಿಗೆ ಬಂದು ತಾನೇ ಗಟ್ಟಿಯಾಗಿ ಓದುತ್ತ ಪೆನ್ನಿಟ್ಟಳು. "ಮಾಲೀಕರು. ಜೈನಾಬೀ ಗಂಡ ಶಬ್ಬೀರಸಾಬ..."

"ನಿಂದ್ರು. ಅದು ನನ್ನ ಬೆಕ್ಕಲ್ಲ."

ಎಲ್ಲರೂ ನಕ್ಕರು. ಜೈನಾಬೀ ನಗಲಿಲ್ಲ.

"ಮತ್ತ ಯಾರದು, ಪಂಚಾಯ್ತಿದೇನು?" ಎಂದ ಅಕ್ಬರ.

"ಪಾಲಿಂದೈತಿ. ಹಂಪವ್ವನ ಪಾಲು."

ಈ ಕಡೆ ಕುರಿ ಆಡು ಸಾಕಲು ಕೈಲಾಗದವರು ಅವನ್ನು ಇನ್ನೊಬ್ಬರಿಗೆ ಪಾಲಿಗೆ ಬಿಡುತ್ತಾರೆ. ಮೇಯಿಸುವುದು, ಕಾಯುವುದು ಸಾಕಿದವರ ಕೆಲಸ. ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಪಾಲು. ತಾಯಿ ಮಾತ್ರ ಎಷ್ಟು ವರ್ಷ ಕಳೆದರೂ ಬಿಟ್ಟವರದೇ. ಕಾಗದಪತ್ರ ಇರುವುದಿಲ್ಲ, ಮಾತೇ ಕಾಗದ. ಆದರೆ ಬೆಕ್ಕನ್ನು ಪಾಲಿಗೆ ಬಿಟ್ಟದ್ದನ್ನು ಕಳಕೇಶ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಯವ್ವಾ, ಅದು ಸಕ್ರಿ ಬೆಕ್ಕಿನ ಕಾಲದ ಚ್ಯಾಷ್ಟಿ ಮಾತು," ಎಂದ ಅಕ್ಬರ. "ಇಪ್ಪತ್ತೆರಡು ವರ್ಷ ಆತು. ಈಕಿ ಸಕ್ರೀ ಮೊಮ್ಮಗಳ ಮಗಳು."

"ಇಪ್ಪತ್ತೆರಡು ವರ್ಷಕ್ಕ ಪಾಲು ಹಳಸ್ತೈತೇನು?"

"ಅರ್ಜಿಯೊಳಗ ಪಾಲು ಅನ್ನೂ ಕಾಲಮ್ಮು ಇಲ್ಲ ದಾದಿ."

"ಇಲ್ಲಂದ್ರ ಖಾಲಿ ಬಿಡು."

"ಖಾಲಿ ಬಿಡಾಕ ಬರಂಗಿಲ್ಲ. ಒಬ್ಬರ ಹೆಸರು ಬೇಕಬೇಕು."

"ಹಂಗಾರ ಆಕೀನ್ನ ಕೇಳಿ ಬರೀಬೇಕು," ಎಂದಳು ಜೈನಾಬೀ. ಆಮೇಲೆ ಕಳಕೇಶನ ಕಡೆ ತಿರುಗಿ, ಬಂದಾಗಿನಿಂದ ಗಂಟಲಲ್ಲಿದ್ದದ್ದನ್ನು ಕೇಳಿದಳು. "ನಿಮ್ಮೂರಾಗ ಹಂಪವ್ವ ಅಂತ ಅದಾಳೇನು? ಗಂಡ ಮುದಿಯಪ್ಪ, ಡ್ಯಾಮಿನ್ಯಾಗ ಗೇಟಿನ ಕೆಲಸಕ್ಕಿದ್ದ. ಅಂವ ಹೋದ ಮ್ಯಾಲೆ ತವರೂರು ಸೇರ್ಯಾಳ ಅಂತ ಕೇಳಿದ್ದೆ."

"ನಮ್ಮೂರಾಗ ಹತ್ತು ಮಂದಿ ಹಂಪವ್ವಗೋಳು ಅದಾರ. ಕೇಳ್ತೇನಿ ತಗೋರಿ."

ಅವನು ಹೋದ ಮೇಲೆ ಅಕ್ಬರ ಕೂಗಾಡಿದ. ಬೆಕ್ಕಿನ ಸಲುವಾಗಿ ಒಬ್ಬ ಏಜೆಂಟನ ಮುಂದೆ ಮಾನ ಹೋಯಿತೆಂದ. ಜೈನಾಬೀ ಡಬ್ಬಿ ತೆಗೆದುಕೊಂಡು ಹೊಲಿಯಲು ಕೂತಳು. ನಾಹೀದಾ ಬಂದು ಬಗಲಿಗೆ ಕೂತು, "ದಾದಿ, ಸಹಿ ಮಾಡಿಬಿಡು. ಯಾರಿಗೂ ಗೊತ್ತಾಗಂಗಿಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು. "ಆವತ್ತು ಬಸ್ಸಿನ್ಯಾಗ ಆರು ತಾಸು ಬುಟ್ಟಿ ಹಿಡಕೊಂಡು ಕುಂತಾಕಿ ನಾನು. ಇನ್ನೊಮ್ಮೆ ಹಂಗ ಆದ್ರ ನನ್ನ ಕಡೆ ಏನೂ ಇಲ್ಲ."

ಎರಡು ವರ್ಷದಲ್ಲಿ ಮೊದಲ ಸಲ ಅವಳು ಆಡಿ ತೋರಿಸಿದ್ದಳು. ಜೈನಾಬೀ ಅವಳ ತಲೆ ಸವರಿದಳು. ಎದ್ದು ಒಳಗೆ ಹೋಗಿ ಟ್ರಂಕು ತೆರೆದಳು.

ಟ್ರಂಕಿನ ತಳದಲ್ಲಿ, ಗಂಡನ ರುಮಾಲಿನ ಕೆಳಗೆ, ಒಂದು ನೀಲಿ ಇನ್‌ಲ್ಯಾಂಡ್ ಕಾಗದವಿತ್ತು. ತೆಗೆದು ನೋಡಲಿಲ್ಲ, ಇದೆಯೆಂದು ಮುಟ್ಟಿ ನೋಡಿದಳಷ್ಟೇ. ರುಮಾಲಿನಿಂದ ಹಳೆ ಅರಳಿಯ ವಾಸನೆ ಎದ್ದಿತು. ವಾಸನೆಯ ಹಿಂದೆ ಮುನಿರಾಬಾದು ಬಂತು.

ಡ್ಯಾಮಿನ ಕಾಲನಿ. ಸಾಲು ಕ್ವಾರ್ಟರ್ಸುಗಳ ಹಿಂದೆ ತಗಡಿನ ಒಂದು ಕೋಣೆ ಹಿಡಿದು ಅವರು ಹದಿನಾರು ವರ್ಷ ಇದ್ದರು. ಶಬ್ಬೀರಸಾಬ ಹೆಗಲ ಮೇಲೆ ಅರಳಿ ಹಿಂಜುವ ಬಿಲ್ಲು ಹೊತ್ತು ಓಣಿ ಓಣಿ ತಿರುಗುತ್ತಿದ್ದ. ಟಂಯ್ ಟಂಯ್ ಎಂದು ಬಿಲ್ಲಿನ ನರ ಮಿಡಿದರೆ ಮಕ್ಕಳಿಗಿಂತ ಮೊದಲು ಬೆಕ್ಕುಗಳು ಓಡಿ ಬರುತ್ತಿದ್ದವು. ನರದ ವಾಸನೆಗೆ ಬರುತ್ತಿದ್ದವೋ ದನಿಗೆ ಬರುತ್ತಿದ್ದವೋ, ಯಾರು ಬಲ್ಲರು. ಮಳೆಗಾಲದಲ್ಲಿ ಹೊಳೆ ತುಂಬಿ ಗೇಟು ಎತ್ತಿದರೆ ರಾತ್ರಿಯಿಡೀ ನೆಲ ಗುಂಯ್ಗುಡುತ್ತಿತ್ತು. ಆ ಗೇಟಿನ ಕೆಲಸಕ್ಕಿದ್ದ ಮುದಿಯಪ್ಪನ ಹೆಂಡತಿ ಹಂಪವ್ವ ಮುಂದಿನ ಕ್ವಾರ್ಟರ್ಸಿನವಳು. ಮಕ್ಕಳಿಲ್ಲದವಳು, ಬಾಯಿ ಜೋರು. ಅವರ ಮನೆಯ ಸಾರು ಇವರ ಮನೆಗೆ, ಇವರ ಮನೆಯ ಮೊಹರಮ್ಮಿನ ಸಿಹಿ ಚೊಂಗೆ ಅವರ ಮನೆಗೆ.

ಕಾಲನಿಯ ಶಾಲೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಸಂಜೆ ತರಗತಿ ಶುರುವಾದಾಗ ಹಂಪವ್ವ ಬಂದು ರಟ್ಟೆ ಹಿಡಿದು ಎಬ್ಬಿಸಿದ್ದಳು. "ಏಳ ಜೈನಾ, ನಾಳೆ ಯಮ ಬಂದ್ರ ಹೆಬ್ಬೆಟ್ಟು ಒತ್ತತೀಯೇನು?" ಇಬ್ಬರಿಗೂ ಸೇರಿ ಒಂದೇ ಪಾಟಿ. ಒಂದು ಕಡೆ ಹಂಪವ್ವನ ಹ, ಇನ್ನೊಂದು ಕಡೆ ಜೈನಾಬಿಯ ಜ. ಒಬ್ಬಳು ಬರೆದು ತಿರುವಿದರೆ ಇನ್ನೊಬ್ಬಳದು ಸೀರೆಗೆ ಒರೆಸಿ ಹೋಗಿರುತ್ತಿತ್ತು. ಅದಕ್ಕೇ ಇಬ್ಬರಿಗೂ ಕಲಿಯಲು ಎರಡು ವರ್ಷ ಹಿಡಿಯಿತು.

ಮಷೀನು ಬಂದು ಬಿಲ್ಲಿನ ಕೆಲಸ ನಿಂತಾಗ ಶಬ್ಬೀರಸಾಬ ಕುಷ್ಟಗಿಗೆ ಹೊರಟ. ಹೊರಡುವ ದಿನ ಹಂಪವ್ವ ಒಂದು ಬಿಳಿ ಬೆಕ್ಕನ್ನು ಅರಳಿ ಚೀಲದಲ್ಲಿ ಹಾಕಿ ತಂದಳು. ಅದೇ ಸಕ್ರಿ.

"ಬಿಟ್ಟಿ ಕೊಡಾಕತ್ತಿಲ್ಲ. ಪಾಲಿಗೆ ಬಿಡಾಕತ್ತೇನಿ. ಮೊದಲ ಹೆಣ್ಣು ಮರಿ ನಂದು."

"ಆತು ಅಕ್ಕಾ."

"ಮತ್ತ ಕಾಗದ? ಊರು ಬಿಟ್ಟಾಕಿ ನೀನು. ಮೊದಲ ಕಾಗದ ನಿಂದು. ನಿನ್ನ ಕಾಗದ ಬರೂತನಕ ನಾ ಬರಿಯಾಕಿ ಅಲ್ಲ, ನೋಡು."

ಸಕ್ರಿ ಆ ವರ್ಷವೇ ಮೂರು ಮರಿ ಹಾಕಿತು. ಜೈನಾಬೀ ಇನ್‌ಲ್ಯಾಂಡ್ ತರಿಸಿ ಬರೆಯಲು ಕೂತಳು. ಮೂರು ಸಾಲು ಮುಗಿದು ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಗಂಗಾವತಿಯಿಂದ ನಾದಿನಿ ಗೌಸಬೀ ಬಂದಳು. ಅಕ್ಕಿಯ ಮನೆ, ಇಲಿ ಕಾಟ, ಒಂದು ಮರಿ ಕೊಡು ಎಂದಳು. ಇದ್ದದ್ದು ಒಂದೇ ಹೆಣ್ಣು ಮರಿ. ಹೊಸ ಅಂಗಡಿಗೆ ದುಡ್ಡು ಕೊಟ್ಟು ಕೈ ಹಿಡಿದವಳು ಆ ನಾದಿನಿ. ಇಲ್ಲವೆನ್ನಲು ಬಾಯಿ ಬರಲಿಲ್ಲ. ಮರಿ ಗಂಗಾವತಿಗೆ ಹೋಯಿತು, ಕಾಗದ ಟ್ರಂಕಿಗೆ ಹೋಯಿತು. ಮುಂದಿನ ಮರಿಗೆ ಬರೆದರಾಯಿತು ಎಂದುಕೊಂಡಳು. ಮುಂದಿನ ಸಲ ಎರಡೂ ಗಂಡು. ಆಮೇಲೆ ಹೆಣ್ಣು ಮರಿ ಹುಟ್ಟುವಷ್ಟರಲ್ಲಿ, ಇಷ್ಟು ದಿನ ಬಿಟ್ಟು ಹೇಗೆ ಬರೆಯುವುದು ಎಂಬ ನಾಚಿಕೆ. ಎಂಟು ವರ್ಷದ ಹಿಂದೆ ಗಂಗಾವತಿಯ ಮದುವೆಯೊಂದರಲ್ಲಿ, ಮುದಿಯಪ್ಪ ತೀರಿ ವರ್ಷವಾಯಿತೆಂದು ಯಾರೋ ಹೇಳಿದರು. ಅವತ್ತು ಜೈನಾಬೀ ಊಟದ ಎಲೆಯ ಮುಂದಿನಿಂದ ಎದ್ದು ಬಂದಿದ್ದಳು. ನಾಚಿಕೆಗೆ ಇನ್ನೊಂದು ಪದರ ಕೂತಿತು. ಗಾದಿಯ ಮೇಲೆ ಗಾದಿ ಹಾಕಿದಂತೆ.

ದಿನಗಳು ಹೋದವು. ಕಳಕೇಶ ಬರಲಿಲ್ಲ. ನಾಹೀದಾ ಅಜ್ಜಿಯ ಜೊತೆ ಮಾತು ಕಡಿಮೆ ಮಾಡಿದಳು. ಅಕ್ಬರ ಮಾತ್ರ ಊಟಕ್ಕೆ ಕೂತಾಗಲೆಲ್ಲ ಅರಳಿಗೆ ಕೈ ಮುಗಿದು, "ಏನ್ರಿ ಪಾಲುದಾರ್ರ, ಮೀನು ಸಾಕೇನ್ರಿ?" ಎನ್ನುತ್ತಿದ್ದ. ಹಾಗೆನ್ನುತ್ತಲೇ ಮುಳ್ಳು ತೆಗೆದು ಹಾಕುತ್ತಿದ್ದ.

ಮೊಹರಮ್ಮಿನ ಚಂದ್ರ ಕಾಣಿಸಿತು. ಮರುದಿನ ಓಣಿಯ ಹಿಂದೂ ಮುಸ್ಲಿಮರೆಲ್ಲ ಸೇರಿ, ಬೆಂಕಿ ಹಾಕಿ ಸುತ್ತ ಹೆಜ್ಜೆ ಹಾಕುವ ಅಲಾಯಿ ಕುಣಿ ತೋಡಿದರು. ಶಬೀನಾ ಚೊಂಗೆಗೆ ಬೆಲ್ಲ ಕುಟ್ಟಲು ಕೂತಳು. ನಾಹೀದಾ ಕೆಲಸದಿಂದ ಬಂದವಳೇ ಚಪ್ಪಲಿ ಕೂಡ ತೆಗೆಯದೆ ಅಂಗಳದಲ್ಲಿ ನಿಂತಳು.

"ಆತಲ್ಲ ದಾದಿ. ಏಳು ತುಂಬ್ತು. ಇನ್ನ ನಿನ್ನ ಹಂಪವ್ವ ಬಂದ್ರೂ ಅಷ್ಟ, ಬಿಟ್ರೂ ಅಷ್ಟ."

ಜೈನಾಬೀ ದಬ್ಬಣ ಕೆಳಗಿಟ್ಟಳು. ಇಷ್ಟು ದಿನ ತನ್ನ ಹಟವೇ ಸರಿಯೆಂದುಕೊಂಡು ಕೂತಿದ್ದಳು. ಈಗ ಸಂಜೆ ಬಿಸಿಲಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿದ ಅರಳಿಯ ಹೊಲಿಗೆಯ ಆ ಗೀರು ಕಂಡು, ಅದನ್ನು ಬೆರಳಿನಿಂದ ಸವರಿದಳು.

ಆದರೆ ನಾಹೀದಾ ನಿಂತಲ್ಲೇ ಏನೋ ನೆನೆಸಿಕೊಂಡಳು. ದಿನಾ ನೂರು ಅರ್ಜಿ ತುಂಬುವ ಹುಡುಗಿ, ತಾರೀಖು ಅವಳ ಬೆರಳ ತುದಿಯಲ್ಲಿ. "ನಿಂದ್ರು... ಅಬ್ಬಾ, ಈಕಿ ಹುಟ್ಟಿದಾಗ ನೀ ಫೋಟೋ ಹೊಡದಿದ್ದಿ. ಫೋನ್ ಕೊಡು."

ಅಕ್ಬರನ ಫೋನಿನ ಆಳದಲ್ಲಿ, ಗಾದಿಗಳ ಸಾವಿರ ಫೋಟೋಗಳ ಕೆಳಗೆ, ಅದು ಸಿಕ್ಕಿತು. ಅರಳಿ ಮೂಟೆ, ಅದರೊಳಗೆ ಇಲಿಯಂಥ ನಾಲ್ಕು ಮರಿ. ಕೆಳಗೆ ತಾರೀಖು: ಆಗಸ್ಟ್ ತಿಂಗಳ ಕೊನೆ.

"ದಾದಿ! ಮೊಹರಂ ವರ್ಷಾ ಹತ್ತು ಹನ್ನೊಂದು ದಿನ ಹಿಂದ ಸರೀತೈತಿ. ಏಳು ವರ್ಷಕ್ಕ ಎಪ್ಪತ್ತು ದಿನದ ಮ್ಯಾಲೆ. ಕಂಪನಿಯಾವ್ರು ಆಗಸ್ಟ್ ನೋಡ್ತಾರ, ಚಂದ್ರನ್ನ ನೋಡಂಗಿಲ್ಲ. ಇನ್ನೂ ಎರಡು ತಿಂಗಳ ಮ್ಯಾಲೆ ಐತಿ!"

"ಅಂದ್ರ ಚಂದ್ರನ ಲೆಕ್ಕದಾಗ ಮುದುಕಿ, ಇಂಗ್ಲೀಷ್ ಲೆಕ್ಕದಾಗ ಹುಡುಗಿ," ಎಂದಳು ಶಬೀನಾ, ಬೆಲ್ಲದ ಕೈ ಬಾಯಿಗೆ ಅಡ್ಡ ಹಿಡಿದು.

"ಹಂಗಾರ ನಂದೂ ಒಂದೆರಡು ವರ್ಷ ತೆಗೀರಿ," ಎಂದಳು ಜೈನಾಬೀ.

ಬಹಳ ದಿನದ ಮೇಲೆ ನಾಹೀದಾ ನಕ್ಕಳು. ಅಜ್ಜಿಯ ಬೆನ್ನಿಗೆ ಬೆನ್ನು ಹಚ್ಚಿ ಕೂತು, ಚೊಂಗೆ ಮುರಿದು ಅರ್ಧ ತಾನು ತಿಂದು ಅರ್ಧ ಹಿಂದಕ್ಕೆ ಚಾಚಿದಳು.

ಹಬ್ಬ ಮುಗಿದ ವಾರಕ್ಕೆ ಕಳಕೇಶ ಬಂದ. ಈ ಸಲ ಚೀಲವನ್ನು ಕೆಳಗಿಟ್ಟು ಕೂತ.

"ಸಿಕ್ಕಳ್ರಿ ನಿಮ್ಮ ಹಂಪವ್ವ. ತಮ್ಮನ ಮನಿಯೊಳಗ ಅದಾಳ. ತಮ್ಮನ ಮಗ ಶಾಂತಕುಮಾರ ನನ್ನ ಕೂಡ ಸಾಲಿ ಕಲಿತಾಂವ. ಅವನ ಮುಂದ ಬೆಕ್ಕಿನ ಮಾತು ತೆಗೆದ್ನಿ ನೋಡ್ರಿ, ಬಿದ್ದು ಬಿದ್ದು ನಕ್ಕ."

"ಯಾಕ?" ಎಂದ ಅಕ್ಬರ.

"ಅವರ ಮನಿತುಂಬ ಇಲಿ. ಬೆಕ್ಕು ತರೂಣು ಅಂದ್ರ ಮುದುಕಿ ತರಗೊಡಂಗಿಲ್ಲಂತ. ಯಾರು ಮರಿ ಕೊಡಾಕ ಬಂದ್ರೂ, 'ಬ್ಯಾಡಪ್ಪಾ, ನಂದೊಂದು ಬೆಕ್ಕು ಐತಿ, ಕುಷ್ಟಗಿಯೊಳಗ ಪಾಲಿಗೆ ಬಿಟ್ಟೇನಿ' ಅಂತಾಳಂತ. ತೆಲಿ ಸರಿ ಇಲ್ಲ ಅಂತ ತಿಳದಿದ್ರಂತ ಅವರು."

ಅಂಗಡಿಯ ಮಷೀನು ನಿಂತಿತ್ತು. ಜೈನಾಬೀ ಸೆರಗಿನಿಂದ ಮೂಗು ಒರೆಸಿಕೊಂಡು, ಗಾದಿಯ ಮೇಲಿದ್ದ ಮರಿಯನ್ನು ಎತ್ತಿ ಉಡಿಯಲ್ಲಿ ಹಾಕಿಕೊಂಡಳು.

"ಈ ಮರಿ ಯಾರಿಗೂ ಕೊಡಂಗಿಲ್ಲ."

"ಅತ್ತೀ," ಎಂದಳು ಶಬೀನಾ, "ಹಿಟ್ನಾಳದ ನಮ್ಮಕ್ಕಗ ಮಾತು ಕೊಟ್ಟೇನ್ರಿ. ಬರೂ ಆದಿತ್ಯಾರ ಒಯ್ಯಾಕ ಬರ್ತಾಳ."

"ಇಪ್ಪತ್ತೆರಡು ವರ್ಷದ ಹಿಂದ ನಿನ್ನಂಗ ನಾನೂ ಇನ್ನೊಬ್ಬರ ಮರಿ ಕೊಟ್ಟೆ ತಂಗೀ. ನಿಮ್ಮಕ್ಕಗ ಸಿಟ್ಟು ಬಂದ್ರ ನನ್ನ ಹೆಸರು ಹೇಳು. ಒಂದು ಜೋಡಿ ದಿಂಬು ಹೊಲಿದು ಕೊಡ್ತೇನಿ."

ಶಬೀನಾ ಗಂಡನ ಮುಖ ನೋಡಿದಳು. ಅಕ್ಬರ, "ದಿಂಬಿನ ವಿಮೆ," ಎಂದ. ಶಬೀನಾಳಿಗೂ ನಗು ಬಂತು. ನಕ್ಕ ಮೇಲೆ ಜಗಳ ಮುಂದುವರಿಸುವುದು ಕಷ್ಟ.

"ನಾನ ಹೋಗಿ ಹೇಳ್ತೇನಿ ಬಿಡ್ರಿ ಅಮ್ಮಾರ," ಎಂದ ಕಳಕೇಶ. "ಇಲ್ಲಾ, ಶಾಂತಕುಮಾರಗ ಈಗ ಫೋನ್ ಹಚ್ಚಿ ಕೊಡ್ತೇನಿ, ಮಾತಾಡಿಬಿಡ್ರಿ."

ಜೈನಾಬೀ ಕೈ ಚಾಚಿದಳು. ಅರ್ಧಕ್ಕೆ ಹಿಂದೆ ತೆಗೆದುಕೊಂಡಳು. "ಬ್ಯಾಡ ತಮ್ಮಾ. ಮೊದಲ ಕಾಗದ ನಂದು ಅಂತ ಮಾತಾಗೈತಿ. ವಿಳಾಸ ಅಷ್ಟು ಹೇಳು."

ಮಧ್ಯಾಹ್ನದ ಬಿಸಿಲು ಅಂಗಳಕ್ಕೆ ಬಂದಾಗ ಅವಳು ಹೊಸ್ತಿಲಿನ ಮೇಲೆ ಕೂತು, ಗಾದಿ ಅಳೆಯುವ ಮರದ ಪಟ್ಟಿಯ ಮೇಲೆ ನೀಲಿ ಕಾಗದ ಹರವಿದಳು. ಹಳೆಯ ಶಾಯಿ ಕಂದಿ ಚಹಾದ ಬಣ್ಣಕ್ಕೆ ತಿರುಗಿತ್ತು. ದಪ್ಪ ದಪ್ಪ ಅಕ್ಷರ, ಪಾಟಿಯ ಮೇಲೆ ಕಲಿತವರ ಅಕ್ಷರ:

"ಹಂಪವ್ವಕ್ಕನಿಗೆ ಜೈನಾಬೀ ಮಾಡುವ ಸಲಾಮು. ನಾವು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮ ಇರಬೇಕು. ಸಕ್ರಿ ಮೂರು ಮರಿ ಹಾಕಿದೆ. ನಿನ್ನ ಪಾಲಿನ"

ಅಲ್ಲಿಗೆ ನಿಂತಿತ್ತು.

"ಹೊಸಾ ಕಾಗದ ತರ್ಲೇನು ದಾದಿ? ಇದು ಹಳೇದಾತು," ಎಂದಳು ನಾಹೀದಾ.

"ಹೊಸಾದ್ರಾಗ ಬರದ್ರ ಇವತ್ತ ನೆನಪಾತೇನು ಅಂತ ಕೇಳ್ತಾಳ. ಇದ್ರಾಗ ಬರದ್ರ ಎಂದೋ ಕುಂತಿದ್ಲು ಅಂತ ತಿಳೀತೈತಿ."

ನಾಹೀದಾಳ ಪೆನ್ನು ತೆಗೆದುಕೊಂಡು, 'ಪಾಲಿನ' ಎಂಬ ಆ ಮಾತಿನ ಬಾಲಕ್ಕೇ ಹಚ್ಚಿ, ಹೊಸ ನೀಲಿ ಶಾಯಿಯಲ್ಲಿ ಬರೆದಳು. ಒಂದೊಂದು ಅಕ್ಷರಕ್ಕೂ ತುಟಿ ಅಲುಗುತ್ತಿತ್ತು. ಅರಳಿ ಎರಡು ಸಲ ಕಾಗದದ ಮೇಲೆ ಹಾದುಹೋಯಿತು. ಎರಡು ಸಲವೂ ತಡೆದು ಕೂತಳು, ಓಡಿಸಲಿಲ್ಲ.

"ಮರಿಯನ್ನು ಬೇರೆಯವರಿಗೆ ಕೊಟ್ಟೆ. ತಪ್ಪಾಯಿತು. ಆ ನಾಚಿಕೆಗೆ ಬರೆಯಲಿಲ್ಲ. ಮುದಿಯಪ್ಪಣ್ಣ ಹೋದದ್ದು ಒಂದು ವರ್ಷ ತಡವಾಗಿ ತಿಳಿಯಿತು. ನನ್ನವರೂ ಹೋದರು. ನಿನ್ನ ದುಃಖಕ್ಕೆ ನಾನು ಬರಲಿಲ್ಲ, ಸ್ವಂತ ತಂಗಿ ಬಾರದಂತೆ ಆಯಿತು. ಬೈಯ್ಯುವುದಿದ್ದರೆ ಬಂದು ಬೈಯಿ. ಸಕ್ರಿಯ ಮೊಮ್ಮಗಳ ಮಗಳು ಅರಳಿ ಅಂತ ನನ್ನ ಹತ್ತಿರ ಇದೆ. ಬಿಳಿ. ಅದರ ಮಗಳು ನಿನ್ನ ಪಾಲು. ನಾನೇ ತರಲೋ, ನೀನು ಬರುತ್ತೀಯೋ. ಅರಳಿಗೆ ಜಡ್ಡಾದರೆ ಖರ್ಚು ಕೊಡುವ ವಿಮೆ ಮಾಡಿಸುತ್ತಿದ್ದಾರೆ, ಸಣ್ಣ ಗಾದಿಯಷ್ಟು. ಅರ್ಜಿಯಲ್ಲಿ ಮಾಲೀಕರು ಯಾರು ಅಂತ ಕೇಳಿದ್ದಾರೆ. ಯಾರ ಹೆಸರು ಬರೆಯಲಿ ಹೇಳು. ಆಗಸ್ಟ್ ಒಳಗೆ ಹೇಳು. ಮೊದಲ ಕಾಗದ ಬಂತು. ಇನ್ನು ನಿನ್ನ ಪಾಳಿ."

ಮರುದಿನ ಅಜ್ಜಿ ಮೊಮ್ಮಗಳು ಅಂಚೆ ಕಚೇರಿಗೆ ನಡೆದು ಹೊರಟರು. ಬಾಗಿಲಲ್ಲಿ ಅಕ್ಬರ ಮಗಳನ್ನು ತಡೆದು, ಶಬೀನಾಳಿಗೆ ಕೇಳದಂತೆ ಕೇಳಿದ: "ಅವು... ಮನಿಷ್ಯಾರದೂ ಮೂರು ಥರ ಇರ್ತಾವೇನು?"

"ಇರ್ತಾವ ಅಬ್ಬಾ. ಆದ್ರ ಕೆಮ್ಮು ಬರಸ್ಬೇಕಾಕೈತಿ, ಮುಚ್ಚಿಡಾಕ ಬರಂಗಿಲ್ಲ."

"ಬರಿ ತಗೋ," ಎಂದು ಅವನು ಒಳಗೆ ಹೋಗಿ ಮಷೀನು ಹಚ್ಚಿದ.

ಕೌಂಟರಿನ ಹುಡುಗಿ ಇನ್‌ಲ್ಯಾಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಎಲ್ಲಿತ್ತಮ್ಮಾ ಇದು?"

"ಟ್ರಂಕಿನ್ಯಾಗ. ನಡಿಯಂಗಿಲ್ಲೇನು?"

ಹುಡುಗಿ ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. "ನಡೀತೈತಂತ. ಅಂಟಿಸಿ ಡಬ್ಬಿಗೆ ಹಾಕ್ರಿ."

ಕಾಗದದ ಅಂಟು ಒಣಗಿ ಎಷ್ಟೋ ವರ್ಷವಾಗಿತ್ತು. ನಾಹೀದಾ ಕೌಂಟರಿನ ಗೋಂದಿನ ಬಾಟಲಿಯಿಂದ ಮೂರೂ ಅಂಚಿಗೆ ಸವರಿ ಮಡಚಿ ಒತ್ತಿದಳು. ಒತ್ತಿದ ಮೇಲೆ ಕಂಡಿತು: ಅಂಚಿನಲ್ಲಿ ಒಂದು ಬಿಳಿ ಕೂದಲು ಗೋಂದಿಗೆ ಹತ್ತಿಕೊಂಡು, ಅರ್ಧ ಒಳಗೆ ಅರ್ಧ ಹೊರಗೆ ನಿಂತಿತ್ತು.

"ಅಯ್ಯ, ಅರಳೀದು. ತೆಗೀತೇನಿ ತಡಿ. ಇದರೊಳಗ ಏನೂ ಇಡಬಾರದು ಅಂತ ಮ್ಯಾಲೆ ಬರದಾರ."

"ಇರ್ಲಿ ಬಿಡವ್ವಾ," ಎಂದಳು ಜೈನಾಬೀ. "ಅದು ಆಕೀ ಪಾಲು."

ಕೆಂಪು ಡಬ್ಬಿಯ ಬಾಯಿ ಅವಳ ಎತ್ತರಕ್ಕಿಂತ ಸ್ವಲ್ಪ ಮೇಲಿತ್ತು. ನಾಹೀದಾ ಕೈ ಮುಂದೆ ಮಾಡಿದಳು. ಜೈನಾಬೀ ಕೊಡಲಿಲ್ಲ. ಹಿಮ್ಮಡಿ ಎತ್ತಿ, ತುದಿಗಾಲ ಮೇಲೆ ನಿಂತು, ಕಾಗದವನ್ನು ತಾನೇ ಒಳಗೆ ತಳ್ಳಿದಳು.